ಬೊಂಬೆಗಿರೋ ಭದ್ರತೆ ಪೈಲ್ವಾನನಿಗೆ ಯಾಕಿಲ್ಲ?

ಮೂವತ್ತು ದಾಟಿದ ಮೇಲೂ ಡಬ್ಲ್ಯೂಡಬ್ಲ್ಯೂಇ ನೋಡ್ತೀನಿ, ಬೊಂಬೆ ಕೂಡಿಡ್ತೀನಿ ಅಂತ ಆಫೀಸಿನಲ್ಲಿ ಬಾಯಿಬಿಟ್ಟರೆ ಬರುವ ಮೊದಲ ಪ್ರಶ್ನೆ ಯಾವುದು ಅಂತ ಪ್ರತಿಯೊಬ್ಬ ಅಭಿಮಾನಿಗೂ ಗೊತ್ತು. "ಅದೆಲ್ಲ ಫೇಕ್ ಅಲ್ವಾ ಗುರು?" ಕೇಳುವವರ ತುಟಿಯಂಚಲ್ಲಿ ಒಂದು ಸಣ್ಣ ನಗು. ಲೋಕದಲ್ಲಿ ಯಾರಿಗೂ ತಿಳಿಯದ ಗುಟ್ಟನ್ನ ತಾವೊಬ್ಬರೇ ಪತ್ತೆ ಮಾಡಿದ ಹಾಗೆ. ಇದೇ ಮಹನೀಯರು ವಾರದ ಕೊನೆಗೆ ಮಲ್ಟಿಪ್ಲೆಕ್ಸಿಗೆ ಹೋಗಿ, ಒಬ್ಬ ಹೀರೋ ಐವತ್ತು ಜನರನ್ನ ಗಾಳಿಯಲ್ಲಿ ತೇಲಿಸಿ ಹೊಡೆಯೋದನ್ನ ಶಿಳ್ಳೆ ಹಾಕಿ ನೋಡ್ಕೊಂಡು ಬರ್ತಾರೆ. ಅಲ್ಲಿ ಈ ಪ್ರಶ್ನೆ ಏಳೋದಿಲ್ಲ.

ಉತ್ತರ ಮೊದಲೇ ಕೊಟ್ಟುಬಿಡ್ತೀನಿ, ಯಾಕಂದ್ರೆ ನನ್ನ ಜಗಳ ಬೇರೆ ಕಡೆ ಇದೆ. ಹೌದು, ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಬೈಗುಳ ಬರೆದುಕೊಟ್ಟದ್ದು, ದ್ವೇಷ ಕಟ್ಟಿದ್ದು, ರೆಫ್ರಿ ಕಣ್ಣು ತಪ್ಪಿಸೋದೂ ಕಥೆಯ ಭಾಗ. ನಮಗೆ ಇದು ಹದಿಮೂರನೇ ವಯಸ್ಸಿಗೇ ಗೊತ್ತಾಯ್ತು. ಗೊತ್ತಾದ ಮೇಲೂ ನೋಡ್ತಾ ಇದ್ದೀವಿ.

ಹೇಗೆ ಅಂತ ಕೇಳಿದರೆ ನಮ್ಮೂರಿನ ನಾಟಕ ತೋರಿಸ್ತೀನಿ. ನಾನು ಬೆಳೆದದ್ದು ನಾಗಮಂಗಲ ಸೀಮೆಯ ಹಳ್ಳಿಯಲ್ಲಿ. ನಮ್ಮ ಕಡೆ ಬೇಸಿಗೆ ಬಂತು ಅಂದ್ರೆ ಕುರುಕ್ಷೇತ್ರ ನಾಟಕ. ಹಾರ್ಮೋನಿಯಂ ಮೇಷ್ಟ್ರನ್ನ ಗೊತ್ತು ಮಾಡಿ, ಸೀನರಿ, ಡ್ರೆಸ್ಸು ಬಾಡಿಗೆಗೆ ತರಿಸಿ, ದುಡ್ಡು ಕೊಟ್ಟು ಪಾರ್ಟು ಹಿಡಿದವರು ರಾತ್ರಿಯಿಡೀ ಹಾಡ್ತಾರೆ. ಬೆಳಗಿನ ಜಾವಕ್ಕೆ ಭೀಮ ದುರ್ಯೋಧನನ ತೊಡೆ ಮುರೀತಾನೆ. ಕಡೇ ಸಾಲಲ್ಲಿ ಕಂಬಳಿ ಹೊದ್ದು ಕೂತ ಅಜ್ಜಿಗೂ ಗೊತ್ತು ಯಾರು ಗೆಲ್ತಾರೆ ಅಂತ. ಒಬ್ಬರೂ ಎದ್ದು ನಿಂತು "ಇದು ಫೇಕು" ಅನ್ನಲ್ಲ. ಆದರೆ ದುರ್ಯೋಧನನ ಪಾರ್ಟಿನವನು ಸ್ಟೇಜಿಂದ ಜಾರಿ ಬಿದ್ದು ನಿಜವಾಗಿ ಕಾಲು ಮುರ್ಕೊಂಡ ಅಂತಿಟ್ಕೊಳ್ಳಿ. "ನಾಟಕ ತಾನೇ, ಬಿಡಿ" ಅಂತ ಯಾರೂ ಸುಮ್ಮನೆ ಕೂರಲ್ಲ. ನಾಟಕ ನಿಲ್ಲಿಸಿ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತಾರೆ, ಖರ್ಚಿಗೆ ಚಂದಾ ಎತ್ತುತ್ತಾರೆ. ತೊಡೆ ಮುರಿದದ್ದು ಕಥೆ, ಕಾಲು ಮುರಿದದ್ದು ನಿಜ. ಅಜ್ಜಿಗೆ ತಿಳಿದ ಈ ವ್ಯತ್ಯಾಸ ಕೋಟಿಗಟ್ಟಲೆ ಡಾಲರ್ ವಹಿವಾಟಿನ ಒಂದು ಕಂಪನಿಗೆ ದಶಕಗಟ್ಟಲೆ ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನೋದಕ್ಕಿಂತ, ತಿಳಿಯದೇ ಇರೋದು ಲಾಭ ಆಗಿತ್ತು.

"ಫೇಕ್" ಅನ್ನೋ ಮಾತಿನ ಹುಟ್ಟು ನೋಡಿ. 1989ರ ಫೆಬ್ರವರಿಯಲ್ಲಿ, ಆಗ ಡಬ್ಲ್ಯೂಡಬ್ಲ್ಯೂಎಫ್ ಅಂತಿದ್ದ ಈ ಕಂಪನಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿಗೆ "ನಮ್ಮದು ಕ್ರೀಡೆಯಲ್ಲ, ಮನರಂಜನೆ" ಅಂತ ಹೇಳಿಕೆ ಕೊಟ್ಟಿತು. ಎಂಥ ಪ್ರಾಮಾಣಿಕತೆ ಅಂತ ಮೆಚ್ಚಬೇಡಿ. ಕ್ರೀಡೆ ಅಂದ್ರೆ ರಾಜ್ಯದ ಅಥ್ಲೆಟಿಕ್ ಕಮಿಷನ್ ಕಣ್ಣಿಡುತ್ತೆ, ಲೈಸೆನ್ಸ್ ಬೇಕು, ಪಂದ್ಯಕ್ಕೆ ಮುಂಚೆ ಡಾಕ್ಟರ್ ತಪಾಸಣೆ ಬೇಕು, ಟಿವಿ ಆದಾಯಕ್ಕೆ ತೆರಿಗೆ ಬೇರೆ. ಮನರಂಜನೆ ಅಂದುಬಿಟ್ರೆ ಇದ್ಯಾವುದೂ ಇಲ್ಲ. ಅಂದ್ರೆ ನೀವು ಕಾಫಿ ಮಷಿನ್ ಪಕ್ಕ ನಿಂತು ನಗ್ತಾ "ಫೇಕ್" ಅಂತೀರಲ್ಲ, ಅದು ನಿಮ್ಮ ಸ್ವಂತ ಸಂಶೋಧನೆಯೇನಲ್ಲ ಸ್ವಾಮಿ. ಖರ್ಚು ಉಳಿಸೋಕೆ ಕಂಪನಿ ಎಂದೋ ಸರ್ಕಾರದ ಮುಂದೆ ಹೇಳಿದ ಮಾತನ್ನ ನೀವು ಪುಕ್ಕಟೆಯಾಗಿ ಪ್ರಚಾರ ಮಾಡ್ತಾ ಇದ್ದೀರಿ.

ಸರಿ, ಮನರಂಜನೆ. ಹಾಗಾದ್ರೆ ಹಾಲಿವುಡ್ ನಟರಿಗೆ ಇರುವಂತೆ ಇವರಿಗೊಂದು ಸಂಘ ಬೇಡವೇ? ಅಲ್ಲಿಗೆ ಬಂದಾಗ ಮಾತು ಮತ್ತೆ ಬದಲಾಗುತ್ತೆ. ಇವರು ನಟರೂ ಅಲ್ಲವಂತೆ, ಆಟಗಾರರೂ ಅಲ್ಲವಂತೆ, ನೌಕರರಂತೂ ಅಲ್ಲವೇ ಅಲ್ಲವಂತೆ. "ಇಂಡಿಪೆಂಡೆಂಟ್ ಕಾಂಟ್ರಾಕ್ಟರ್", ಸ್ವತಂತ್ರ ಗುತ್ತಿಗೆದಾರರು. ನಮ್ಮೂರ ಕಡೆ ಬೋರ್‌ವೆಲ್ ಕೊರೆಯೋಕೆ ಬರ್ತಾರಲ್ಲ, ಹಾಗೆ.

ಈ ಸ್ವಾತಂತ್ರ್ಯ ಎಂಥದ್ದು ನೋಡೋಣ. ಯಾವ ಊರಲ್ಲಿ, ಯಾವ ದಿನ, ಯಾರ ಎದುರು ಆಡಬೇಕು, ಸೋಲಬೇಕೋ ಗೆಲ್ಲಬೇಕೋ, ಎಲ್ಲವೂ ಕಂಪನಿ ತೀರ್ಮಾನ. ಬೇರೆ ಕಡೆ ಕುಸ್ತಿ ಮಾಡೋ ಹಾಗಿಲ್ಲ. ಎಷ್ಟೋ ಜನರ ರಿಂಗಿನ ಹೆಸರಿನ ಮೇಲೂ ಕಂಪನಿಯದೇ ಹಕ್ಕು. 2020ರಲ್ಲಿ ಟ್ವಿಚ್, ಕ್ಯಾಮಿಯೊದಂಥ ಕಡೆ ಸ್ವಂತವಾಗಿ ನಾಲ್ಕು ಕಾಸು ಮಾಡ್ಕೊಳ್ತಿದ್ದವರಿಗೂ ಅದನ್ನ ನಿಲ್ಲಿಸಿ ಅಂತ ಆದೇಶ ಹೋಯ್ತು. ಇಷ್ಟೆಲ್ಲ ಹಿಡಿತ ಇಟ್ಕೊಂಡವರು ಹೆಲ್ತ್ ಇನ್ಶುರೆನ್ಸ್ ಮಾತು ಬಂದಾಗ ಮಾತ್ರ "ನೀವು ಸ್ವತಂತ್ರರು, ನೀವೇ ನೋಡ್ಕೊಳ್ಳಿ" ಅಂತಾರೆ. ನಮ್ಮ ಟೆಕ್ ಪಾರ್ಕಿನಲ್ಲಿ ಅಪ್ಪ ಅಮ್ಮನ್ನೂ ಸೇರಿಸಿ ಗ್ರೂಪ್ ಮೆಡಿಕ್ಲೇಮ್ ಕೊಡದ ಕಂಪನಿಯ ಆಫರ್ ಲೆಟರನ್ನ ನಾವು ಎರಡನೇ ಸಲ ತಿರುಗಿಸಿಯೂ ನೋಡಲ್ಲ. ಮೈಯನ್ನೇ ಬಂಡವಾಳ ಮಾಡ್ಕೊಂಡು ದುಡಿಯೋರಿಗೆ ಅದು ಇಲ್ಲ.

ಆ ಮೈ ಏನೇನು ಅನುಭವಿಸುತ್ತೆ ಅನ್ನೋದು "ಫೇಕ್" ಪಂಡಿತರಿಗೆ ಗೊತ್ತಿರಲಿ. 1998ರ ಜೂನ್ 28, ಪಿಟ್ಸ್‌ಬರ್ಗ್. ಅಂಡರ್‌ಟೇಕರ್ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಮಿಕ್ ಫೋಲಿಯನ್ನ ಕೆಳಗೆ ಎಸೆದ. ಕೆಳಗಿದ್ದದ್ದು ಕಾಮೆಂಟ್ರಿಯವರ ಮೇಜು. ಎಸೆಯಬೇಕು ಅಂತ ಮಾತಾಗಿತ್ತು, ನಿಜ. ಆದರೆ ನೆಲಕ್ಕೆ ಆ ಒಪ್ಪಂದ ಗೊತ್ತಿರಲಿಲ್ಲ. ಅದೇ ಪಂದ್ಯದಲ್ಲಿ ಮತ್ತೆ ಮೇಲೆ ಹತ್ತಿದಾಗ ಪಂಜರದ ಮೇಲ್ಛಾವಣಿಯೇ ಕಿತ್ಕೊಂಡು ಫೋಲಿ ಸೀದಾ ರಿಂಗಿನೊಳಕ್ಕೆ ಬಿದ್ದ. ಅದಂತೂ ಯಾರ ಲೆಕ್ಕದಲ್ಲೂ ಇರಲಿಲ್ಲ. ಗುರುತ್ವಾಕರ್ಷಣೆಗೆ ಸ್ಕ್ರಿಪ್ಟ್ ಬರೆಯೋಕೆ ಆಗಲ್ಲ.

ಕುಸ್ತಿಯ ಕಸುಬು ಇರೋದೇ ಇಲ್ಲಿ. ಅಖಾಡದ ಕುಸ್ತಿಯಲ್ಲಿ ಎದುರಾಳಿಯನ್ನ ಕೆಡವಬೇಕು. ಇಲ್ಲಿ ಕೆಡವಿದ ಹಾಗೆ ಕಾಣಬೇಕು, ಆದರೆ ಅವನು ನಾಳೆ ಬೆಳಗ್ಗೆ ಎದ್ದು ಇನ್ನೊಂದು ಊರಿಗೆ ಕಾರು ಓಡಿಸಬೇಕು. ನಿನ್ನ ಕುತ್ತಿಗೆ ನನ್ನ ಕೈಯಲ್ಲಿ, ನನ್ನ ಬೆನ್ನು ನಿನ್ನ ಕೈಯಲ್ಲಿ. ಒಂದಿಂಚು ತಪ್ಪಿದರೆ ಏನಾಗುತ್ತೆ ಅಂತ 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನೋಡಿದ್ವಿ. ಓವೆನ್ ಹಾರ್ಟ್ ಹಾಕಿದ ಒಂದು ಪೈಲ್‌ಡ್ರೈವರ್ ಲೆಕ್ಕ ತಪ್ಪಿ ಸ್ಟೀವ್ ಆಸ್ಟಿನ್ ಕುತ್ತಿಗೆ ನಿಜವಾಗಿ ಏಟು ತಿಂತು. ಕೈಕಾಲು ಆಡದೆ ಬಿದ್ದಿದ್ದ ಆಸ್ಟಿನ್ ಹೇಗೋ ಮಗುಚಿ, ಓವೆನ್‌ನನ್ನ ಪಿನ್ ಮಾಡಿ ಕಥೆ ಮುಗಿಸಿದ. ಆ ಕುತ್ತಿಗೆ ನೋವು ಅವನ ವೃತ್ತಿಜೀವನವನ್ನೇ ಮೊಟಕು ಮಾಡಿತು. ಇದನ್ನ ಫೇಕ್ ಅನ್ನೋದಾದ್ರೆ ಆ ಪದಕ್ಕೆ ಬೇರೆ ಅರ್ಥ ಹುಡುಕಬೇಕು.

ಮುಂದಿನದ್ದು ಇನ್ನೂ ಕಷ್ಟದ ಮಾತು. 1999ರ ಮೇ 23, ಕ್ಯಾನ್ಸಸ್ ಸಿಟಿ. ಅದೇ ಓವೆನ್ ಹಾರ್ಟ್‌ನನ್ನ ಸೂಪರ್‌ಹೀರೋ ವೇಷ ಹಾಕಿಸಿ, ಸ್ಟೇಡಿಯಮ್ಮಿನ ಛಾವಣಿಯಿಂದ ಹಗ್ಗದಲ್ಲಿ ಕೆಳಗಿಳಿಸೋ ತಮಾಷೆ ಇತ್ತು. ಕೊಂಡಿ ಬಿಚ್ಕೊಂಡಿತು. ಸುಮಾರು 78 ಅಡಿ. ಮೂವತ್ತನಾಲ್ಕು ವರ್ಷದ ಮನುಷ್ಯ, ಇಬ್ಬರು ಪುಟ್ಟ ಮಕ್ಕಳ ಅಪ್ಪ. ಅವನು ಸತ್ತ ಅಂತ ಟಿವಿ ನೋಡ್ತಿದ್ದವರಿಗೆ ಹೇಳಿದರು, ಪಂದ್ಯಗಳನ್ನ ಮಾತ್ರ ನಿಲ್ಲಿಸಲಿಲ್ಲ. ಅವನು ಬಿದ್ದ ಅದೇ ರಿಂಗಿನಲ್ಲಿ ಕಾರ್ಯಕ್ರಮ ಕೊನೇವರೆಗೂ ನಡೀತು. ನಮ್ಮೂರ ನಾಟಕದವರಿಗೆ ಇಷ್ಟು ಎದೆಗಾರಿಕೆ ಇಲ್ಲ, ಸದ್ಯ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನಮ್ಮ ತಲೆಮಾರಿನ ಹಳ್ಳಿ ಹುಡುಗರಿಗೆ ಕುಸ್ತಿ ತಲುಪಿದ್ದು ಟಿವಿಗಿಂತ ಮುಂಚೆ ಕಾರ್ಡಿನ ಮೂಲಕ. ಪೆಟ್ಟಿಗೆ ಅಂಗಡಿ, ಜಾತ್ರೆ, ಎಲ್ಲೆಂದರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು ಸಿಗ್ತಿತ್ತು. ಒಂದು ಕಾರ್ಡಿನ ಮೇಲೆ ರ‍್ಯಾಂಕು, ಹೈಟು, ವೆಯ್ಟು, ಚೆಸ್ಟು, ಬೈಸೆಪ್ಸು, ಆಡಿದ ಫೈಟು, ಗೆದ್ದ ಫೈಟು. ಇಂಗ್ಲಿಷ್ ಬಾರದ ನಮಗೆ "ಬೈಸೆಪ್ಸ್" ಅನ್ನೋ ಸ್ಪೆಲ್ಲಿಂಗ್ ಬರ್ತಿತ್ತು. ಯೊಕೊಜುನಾ ಕಾರ್ಡು ಕೈಗೆ ಬಂತು ಅಂದ್ರೆ ಯೋಚನೆ ಮಾಡೋ ಹಾಗೇ ಇರಲಿಲ್ಲ. ಕರೆಯಬೇಕಾದ್ದು ಒಂದೇ: ವೆಯ್ಟು! ಐನೂರು ಪೌಂಡು ದಾಟಿದ ಆಸಾಮಿ. ಎದುರಿನವನ ಕಾರ್ಡು ನಮ್ಮದು.

ಆ ಯೊಕೊಜುನಾ ಜಪಾನಿನವನಲ್ಲ. ಸಮೋವಾ ಮೂಲದ ಅಮೆರಿಕನ್, ನಿಜವಾದ ಹೆಸರು ರಾಡ್ನಿ ಅನೋವಾಯಿ. ಅವನನ್ನ ಮಾರಿದ್ದೇ ತೂಕದ ಮೇಲೆ. ತೂಕ ಹೆಚ್ಚಿದಷ್ಟೂ ಪಾತ್ರ ದೊಡ್ಡದಾಯ್ತು. ಆಮೇಲೆ ಕಂಪನಿ ತೂಕ ಇಳಿಸು ಅಂತ ಕಾರ್ಯಕ್ರಮಕ್ಕೂ ಕಳಿಸ್ತು, ಅದನ್ನೂ ಹೇಳಬೇಕು. ಅಷ್ಟರಲ್ಲಿ ಕೈಮೀರಿತ್ತು. ತೂಕ ನೋಡಿ "ಇವನಿಗೆ ರಿಂಗಿಗೆ ಹತ್ತೋಕೆ ಲೈಸೆನ್ಸ್ ಕೊಡಲ್ಲ" ಅಂತ ತಡೆದದ್ದು ಯಾರು ಗೊತ್ತಾ? ನ್ಯೂಯಾರ್ಕಿನ ಅಥ್ಲೆಟಿಕ್ ಕಮಿಷನ್. ಯಾವ ಥರದ ಕಮಿಷನ್ ನಮಗೆ ಬೇಡ ಅಂತ ನ್ಯೂಜೆರ್ಸಿಯಲ್ಲಿ ವಾದ ಮಾಡಿದ್ದರೋ ಅದೇ ಥರದ್ದು. 2000ದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಒಂದು ಹೋಟೆಲಿನಲ್ಲಿ ಯೊಕೊಜುನಾ ಸತ್ತ. ಮೂವತ್ತನಾಲ್ಕು ವರ್ಷ.

ಆ ಕಾರ್ಡುಗಳಲ್ಲಿ ಏಳು ಕಾಲಂ ಇತ್ತು. ಎಂಟನೇದೊಂದು ಇರಬೇಕಿತ್ತು: ಸತ್ತಾಗ ವಯಸ್ಸು. ಈಗ ತುಂಬಿಸೋಣ ಬನ್ನಿ. ರಿಕ್ ರೂಡ್, 40. ಬ್ರಿಟಿಷ್ ಬುಲ್‌ಡಾಗ್, 39. ಮಿಸ್ಟರ್ ಪರ್ಫೆಕ್ಟ್, 44. ಮಿಸ್ ಎಲಿಜಬೆತ್, 42. ಬಿಗ್ ಬಾಸ್ ಮ್ಯಾನ್, 41. ಅರ್ತ್‌ಕ್ವೇಕ್, 42. ಬ್ಯಾಮ್ ಬ್ಯಾಮ್ ಬಿಗೆಲೋ, 45. ಕ್ರಶ್, 43. ಎಡ್ಡಿ ಗೆರೆರೋ, 38. ಅರ್ತ್‌ಕ್ವೇಕ್‌ಗೆ ಕ್ಯಾನ್ಸರ್. ಕೆಲವರದ್ದು ಹೃದಯ, ಕೆಲವರದ್ದು ಮಾತ್ರೆ, ಡ್ರಗ್ಸ್, ಕೆಲವರದ್ದು ಎರಡೂ. ಎಲ್ಲ ಸಾವಿಗೂ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಒಂದು ಕೆಲಸ ಮಾಡಿದ ಇಷ್ಟೊಂದು ಜನ ನಮ್ಮ ನಿಮ್ಮ ಟೀಮ್ ಮ್ಯಾನೇಜರ್ ವಯಸ್ಸಿಗೆ ಹೋಗಿಬಿಟ್ರೆ, ಆ ಕೆಲಸದ ಬಗ್ಗೆ ಪ್ರಶ್ನೆ ಕೇಳಬೇಕಾ ಬೇಡವಾ? ಕಂಪನಿ ವೆಲ್‌ನೆಸ್ ಪಾಲಿಸಿ ತಂದದ್ದು 2006ರಲ್ಲಿ, ಎಡ್ಡಿ ಹೋದ ಮೂರು ತಿಂಗಳಿಗೆ. ಈ ಪಟ್ಟಿಯ ಬಹುಪಾಲು ಅಷ್ಟರಲ್ಲಿ ಮುಗಿದಿತ್ತು.

ಇಷ್ಟು ಹೇಳಿದ ಮೇಲೆ ಬೊಂಬೆಗಳ ಲೋಕಕ್ಕೆ ಬನ್ನಿ. ನನ್ನಂಥವರು ಮೊದಲ ಸಂಬಳ, ಮೊದಲ ಬೋನಸ್ ಬಂದಾಗ ಮಾಡೋ ಕೆಲಸ ಇದೇ. ಹುಡುಗನಾಗಿದ್ದಾಗ ಸಿಗದೇ ಇದ್ದದ್ದನ್ನ ಈಗ ಆನ್‌ಲೈನಲ್ಲಿ ಹುಡುಕಿ, ಕಸ್ಟಮ್ಸ್ ಸುಂಕ ಕಟ್ಟಿ ತರಿಸ್ತೀವಿ. ಎಂಬತ್ತರ ದಶಕದ ಎಲ್‌ಜೆಎನ್ ರಬ್ಬರ್ ಬೊಂಬೆಗಳು. 1990ರಿಂದ 94ರವರೆಗಿನ ಹ್ಯಾಸ್‌ಬ್ರೋ, ಅಂಗೈಯಗಲದ ಆ ಬೊಂಬೆಗಳ ಒಳಗೊಂದು ಸ್ಪ್ರಿಂಗು, ಒತ್ತಿದರೆ ಗುದ್ದುತ್ತೆ, ಎತ್ತಿ ಹಾಕುತ್ತೆ. ಆಮೇಲೆ ಜ್ಯಾಕ್ಸ್, 2010ರಿಂದ ಮ್ಯಾಟೆಲ್. ಜೊತೆಗೆ ಸಾವಿರಾರು ರೂಪಾಯಿಯ ರೆಪ್ಲಿಕಾ ಬೆಲ್ಟು. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ನನ್ನ ಶೆಲ್ಫಿನಲ್ಲೂ ಇವೆ, ಎಲ್ಲ ಪ್ಯಾಕೆಟ್ಟಿಂದ ಹೊರಗೆ. ಅಣ್ಣನ ಮಗ ಬಂದಾಗ ಕೆಳಗಿಳಿದು ಕುಸ್ತಿ ಆಡ್ತವೆ.

ಆದರೆ ಈ ಹವ್ಯಾಸದ ಮೇಲ್ವರ್ಗ ಒಂದಿದೆ. ಅವರ ಬೊಂಬೆ ಡಬ್ಬಿಯಿಂದ ಹೊರಗೆ ಬರೋ ಹಾಗಿಲ್ಲ. ರಟ್ಟಿನ ಮೂಲೆ ಮಡಚಿರಬಾರದು, ಪ್ಲಾಸ್ಟಿಕ್ ಗುಳ್ಳೆ ಹಳದಿ ತಿರುಗಿರಬಾರದು. ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅವರು ಪರೀಕ್ಷೆ ಮಾಡಿ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು, ದಪ್ಪ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸ್ತಾರೆ. ಬಿಸಿಲು ಬೀಳಬಾರದು, ತೇವ ತಾಗಬಾರದು, ಬೆರಳು ಮುಟ್ಟಬಾರದು. ತೊಂಬತ್ತು ಅಂಕದ ಬೊಂಬೆಗೂ ಎಪ್ಪತ್ತೈದರದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಬೊಂಬೆಯ ಮೈಗೆ ಒಂದು ಗೆರೆ ಬೀಳದಂತೆ ಇಷ್ಟು ಏರ್ಪಾಡು.

ಈ ಲೋಕದಲ್ಲಿ ಎಲ್ಲರೂ ಪಿಸುಮಾತಲ್ಲಿ ಹೇಳೋ ಒಂದು ಹೆಸರಿದೆ: ಚಂದ್ರನ ಹೊಟ್ಟೆಯ ಕಮಾಲಾ. ಹ್ಯಾಸ್‌ಬ್ರೋ ಮಾಡಿದ ಕಮಾಲಾ ಬೊಂಬೆಯ ಹೊಟ್ಟೆ ಮೇಲೆ ಸಾಮಾನ್ಯವಾಗಿ ನಕ್ಷತ್ರ ಇರುತ್ತೆ. ಬೆರಳೆಣಿಕೆಯಷ್ಟು ಬೊಂಬೆಗಳಲ್ಲಿ ಅದರ ಬದಲು ಚಂದ್ರ ಇದೆ. ಆ ಒಂದು ಬಣ್ಣದ ಗುರುತಿಗೆ ಸಂಗ್ರಹಕಾರರು ಏನು ಕೊಡೋಕೂ ತಯಾರು.

ಸರಿ, ಕಮಾಲಾ ಯಾರು? "ಉಗಾಂಡಾದ ದೈತ್ಯ" ಅಂತ ಕರೆದು, ಮುಖಕ್ಕೆ ಬಣ್ಣ ಬಳಿದು, ಬರಿಗಾಲಲ್ಲಿ ರಿಂಗಿಗೆ ಬಿಟ್ಟ ಮನುಷ್ಯ. ನಿಜದಲ್ಲಿ ಅವನು ಅಮೆರಿಕದ ಮಿಸಿಸಿಪ್ಪಿಯ ಜೇಮ್ಸ್ ಹ್ಯಾರಿಸ್. ಕಪ್ಪು ಮನುಷ್ಯನನ್ನ ಕಾಡುಮನುಷ್ಯ ಅಂತ ತೋರಿಸಿ ದುಡ್ಡು ಮಾಡಿದ ಆ ಪಾತ್ರದ ಬಗ್ಗೆಯೇ ಬೇರೆ ಲೇಖನ ಬರೀಬಹುದು. 1992ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ 80 ಸಾವಿರದಷ್ಟು ಜನರ ಮುಂದೆ ಅಂಡರ್‌ಟೇಕರ್ ಎದುರು ಆಡಿದ. ಆ ಕಾಲದ ಸಂಬಳದ ತಾರತಮ್ಯದ ಬಗ್ಗೆ ಅವನೇ ಆಮೇಲೆ ಬಹಿರಂಗವಾಗಿ ದೂರಿದ. ಕುಸ್ತಿ ಬಿಟ್ಟು ಲಾರಿ ಓಡಿಸಿದ. ಸಕ್ಕರೆ ಕಾಯಿಲೆ. 2011ರಲ್ಲಿ ಒಂದು ಕಾಲು ತೆಗೆದರು, 2012ರಲ್ಲಿ ಇನ್ನೊಂದು. ಆಮೇಲೆ ಮರದ ಕುರ್ಚಿ ಮಾಡಿ ಮಾರ್ತಿದ್ದ. 2020ರ ಆಗಸ್ಟಿನಲ್ಲಿ, ಕೋವಿಡ್ ತಗುಲಿ ಆಸ್ಪತ್ರೆಯಲ್ಲಿದ್ದಾಗ ತೀರಿಕೊಂಡ. ಸಕ್ಕರೆ ಕಾಯಿಲೆಗೆ ಕಂಪನಿ ಕಾರಣ ಅಂತ ನಾನು ಹೇಳ್ತಿಲ್ಲ. ನಾನು ಹೇಳ್ತಿರೋದು ಸರಳ. ಹೊಟ್ಟೆಯ ಮೇಲಿನ ಚಂದ್ರ ಅಳಿಸದಂತೆ ಬೊಂಬೆಗೆ ಅಕ್ರಿಲಿಕ್ ಕವಚ ಇದೆ. ಹೊಟ್ಟೆಪಾಡಿಗೆ ಆ ಚಂದ್ರನನ್ನ ಮೈಮೇಲೆ ಬರೆಸಿಕೊಂಡವನಿಗೆ ಪಿಂಚಣಿಯಿಲ್ಲ, ವಿಮೆಯಿಲ್ಲ, ಕಾಲಿಲ್ಲ.

ಇನ್ನೊಬ್ಬನದು ನೋಡಿ. ಜೇಕ್ ರಾಬರ್ಟ್ಸ್, ಹೆಗಲ ಮೇಲೆ ಹೆಬ್ಬಾವು ಹಾಕ್ಕೊಂಡು ಬರ್ತಿದ್ದವನು. ಅವನ ಬೊಂಬೆ ಹಾವಿನ ಸಮೇತ ಇದ್ದರೆ ಒಂದು ರೇಟು, ಹಾವು ಕಳೆದುಹೋಗಿದ್ದರೆ ಇನ್ನೊಂದು ರೇಟು. 2013ರಲ್ಲಿ ಅದೇ ಜೇಕ್‌ಗೆ ಹೆಗಲ ಆಪರೇಷನ್ ಆಗಬೇಕಿತ್ತು. ದುಡ್ಡು ಎಲ್ಲಿಂದ ಬಂತು? ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಚಂದಾ ಎತ್ತಿದರು. ಸ್ಕಾಟ್ ಹಾಲ್‌ನ ಸೊಂಟದ ಆಪರೇಷನ್ನಿಗೂ ಹಾಗೇ. ಅಭಿಮಾನಿಗಳು ನಮ್ಮೂರಿನವರಂತೆ ನಡೆದುಕೊಂಡರು, ಸಂತೋಷ. ಆದರೆ ನಮ್ಮೂರ ನಾಟಕಕ್ಕೆ ನೆಟ್‌ಫ್ಲಿಕ್ಸ್ ದುಡ್ಡು ಕೊಟ್ಟಿರಲಿಲ್ಲ. 2025ರ ಜನವರಿಯಿಂದ ಶುರುವಾದ ಇವರ ನೆಟ್‌ಫ್ಲಿಕ್ಸ್ ಒಪ್ಪಂದ ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಮೇಲೆ. ರೂಪಾಯಿ ಅಲ್ಲ, ಡಾಲರ್.

ಇದನ್ನೆಲ್ಲ ಸರಿ ಮಾಡೋಕೆ ಯಾರೂ ಪ್ರಯತ್ನ ಮಾಡಲಿಲ್ವಾ ಅಂತ ಕೇಳಬಹುದು. ಮಾಡಿದರು. 1986ರಲ್ಲಿ ಎರಡನೇ ರೆಸಲ್‌ಮೇನಿಯಾ ಸುಮಾರಿಗೆ ಜೆಸ್ಸಿ ವೆಂಚುರಾ ಡ್ರೆಸ್ಸಿಂಗ್ ರೂಮಿನಲ್ಲಿ ಸಂಘ ಕಟ್ಟೋಣ ಅಂತ ಮಾತೆತ್ತಿದ. ಮಾತು ಧಣಿ ವಿನ್ಸ್ ಮೆಕ್‌ಮಹಾನ್ ಕಿವಿಗೆ ಬಿತ್ತು. ಚಾಡಿ ಹೇಳಿದ್ದು ಯಾರು ಅಂತ ವೆಂಚುರಾಗೆ ಗೊತ್ತಾದದ್ದು ವರ್ಷಗಳ ನಂತರ, ಕೋರ್ಟಿನ ಕೇಸಿನಲ್ಲಿ ವಿನ್ಸ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಾಗ: ಹಲ್ಕ್ ಹೋಗನ್. ನಮ್ಮ ಕಾರ್ಡುಗಳ ರಾಜ. ಸಂಘ ಬೇಕಾಗಿಲ್ಲದ ಒಬ್ಬನೇ ಮನುಷ್ಯನಿಗೆ ಸಂಘದ ಸುದ್ದಿ ಸಿಕ್ಕಿತ್ತು. ಆ ಕೇಸಾದರೂ ಯಾತರದ್ದು ಅಂದ್ರೆ, ವೆಂಚುರಾ ಕಾಮೆಂಟ್ರಿ ಕೊಟ್ಟ ವಿಡಿಯೋ ಕ್ಯಾಸೆಟ್ಟುಗಳ ರಾಯಲ್ಟಿಯದ್ದು. ಜ್ಯೂರಿ 8 ಲಕ್ಷ ಡಾಲರಿಗೂ ಹೆಚ್ಚು ಕೊಡಿಸಿತು. ಒಬ್ಬಂಟಿಯಾಗಿ ಕೋರ್ಟಿಗೆ ಹೋಗಿ ಗೆಲ್ಲಬಲ್ಲವನು ಗೆದ್ದ, ಆಮೇಲೆ ಮಿನ್ನೆಸೋಟಾ ರಾಜ್ಯದ ಗವರ್ನರೂ ಆದ. ಉಳಿದವರ ಕಥೆ ಬೇರೆ. 2008ರಲ್ಲಿ ಮೂವರು ಮಾಜಿಗಳು "ನಾವು ಗುತ್ತಿಗೆದಾರರಲ್ಲ, ನೌಕರರು" ಅಂತ ಕೋರ್ಟಿಗೆ ಹೋದರು, ಕೇಸು ವಜಾ. 2016ರಲ್ಲಿ ತಲೆಪೆಟ್ಟಿನ ವಿಷಯಕ್ಕೆ 50ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಹೋದರು, 2018ರಲ್ಲಿ ಅದೂ ವಜಾ. ಅವಧಿ ಮೀರಿದೆ ಅನ್ನೋದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮರೆವು ಶುರುವಾಗೋದೇ ಅವಧಿ ಮೀರಿದ ಮೇಲೆ ಅನ್ನೋದನ್ನ ಆ ಕಾನೂನು ಬರೆದವರು ಯೋಚನೆ ಮಾಡಿರಲಿಲ್ಲ.

ಇಲ್ಲಿಗೆ ಬಂದಾಗ ಕೆಲವರು ಕೈ ಎತ್ತುತ್ತಾರೆ. "ಅವರೇನು ಬಡವರಾ? ಕೋಟಿ ಕೋಟಿ ಎಣಿಸ್ತಾರೆ." ಎಣಿಸೋರು ಎಣಿಸ್ತಾರೆ. ಮೇಲಿನ ಹತ್ತು ಜನರ ಸಂಬಳ ತೋರಿಸಿ ಕೆಳಗಿನ ನೂರು ಜನರ ಬಾಯಿ ಮುಚ್ಚಿಸೋ ಟ್ರಿಕ್ಕು ನಮ್ಮ ಇಂಡಸ್ಟ್ರಿಯಲ್ಲೂ ಇದೆ. "ಯಾರೂ ಬಲವಂತ ಮಾಡಿಲ್ಲ, ಇಷ್ಟಪಟ್ಟು ಬಂದವರು." ಸರಿ, ನಾವೂ ಕೆಲಸಕ್ಕೆ ಇಷ್ಟಪಟ್ಟೇ ಬಂದವರು. ಹಾಗಂತ ಪಿಎಫ್ ಬಿಟ್ಟುಕೊಟ್ಟಿದ್ದೀವಾ? "ಬೊಂಬೆ ಮಾರಿದರೆ ಅವರಿಗೂ ಪಾಲು ಹೋಗುತ್ತಲ್ಲ." ಹೊಸದು ಮಾರಿದಾಗ, ಒಪ್ಪಂದದಲ್ಲಿದ್ದಷ್ಟು ಹೋಗುತ್ತೆ. ಹರಾಜಿನಲ್ಲಿ ಹಳೇ ಬೊಂಬೆ ಕೈಬದಲಾದಾಗ ಅವರಿಗೆ ಒಂದು ಬಿಡಿಗಾಸೂ ಇಲ್ಲ. "ಈಗ ಎಲ್ಲ ಸುಧಾರಿಸಿದೆಯಲ್ಲ." ಹೌದು, ಸುಧಾರಿಸಿದೆ. ಡ್ರಗ್ ಟೆಸ್ಟ್ ಇದೆ, ತಲೆಗೆ ಕುರ್ಚಿಯಲ್ಲಿ ಹೊಡೆಯೋದು ನಿಂತಿದೆ, ರಿಂಗಿನಲ್ಲಿ ಆದ ಗಾಯದ ಆಪರೇಷನ್ ಖರ್ಚು ಕೊಡ್ತಾರೆ, ವ್ಯಸನಕ್ಕೆ ಬಿದ್ದ ಹಳಬರ ಚಿಕಿತ್ಸೆಗೂ ದುಡ್ಡು ಕೊಡ್ತಾರೆ. ಒಳ್ಳೇದೇ. ಆದರೆ ಇದೆಲ್ಲ ಧಣಿಯ ದಯೆ. ದಯೆಗೂ ಹಕ್ಕಿಗೂ ಇರೋ ಅಂತರ ಏನು ಅಂತ, ಗೌಡರ ಹೊಲದಲ್ಲಿ ಕೂಲಿ ಮಾಡಿದವರ ಮನೆ ಮಕ್ಕಳನ್ನ ಕೇಳಿ. ಗುತ್ತಿಗೆದಾರ ಅನ್ನೋ ಆ ಒಂದು ಪದ ಇನ್ನೂ ಹಾಗೇ ಕೂತಿದೆ.

ಆ ಪದ ಬರೀ ಅಮೆರಿಕದ್ದೂ ಅಲ್ಲ. ರಾತ್ರಿ ಹನ್ನೊಂದಕ್ಕೆ ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬಿರಿಯಾನಿ ತಂದುಕೊಡೋ ಹುಡುಗನಿಗೆ ಆ್ಯಪ್‌ನವರು ಏನಂತಾರೆ? "ಪಾರ್ಟ್ನರ್." ಎಷ್ಟು ಹೊತ್ತಿಗೆ ಬರಬೇಕು, ಯಾವ ಅಂಗಿ ಹಾಕಬೇಕು, ಎಷ್ಟು ಸ್ಟಾರ್ ಬಿದ್ದರೆ ಕೆಲಸ ಉಳಿಯುತ್ತೆ, ಎಲ್ಲ ಅವರೇ ಹೇಳ್ತಾರೆ. ಸಿಲ್ಕ್ ಬೋರ್ಡಿನಲ್ಲಿ ಬಿದ್ದು ಕೈ ಮುರ್ಕೊಂಡರೆ ಮಾತ್ರ ಅವನು ಪಾರ್ಟ್ನರ್. ಕರ್ನಾಟಕ ಸರ್ಕಾರ 2025ರಲ್ಲಿ ಇಂಥವರ ಸಾಮಾಜಿಕ ಭದ್ರತೆಗೆ ಅಂತ ಕಾನೂನು ತರಬೇಕಾಗಿ ಬಂದದ್ದು ಇದೇ ಪದದಾಟದಿಂದ. ಅದಕ್ಕೇ ನಾನು ಹೇಳೋದು, ಕುಸ್ತಿಯನ್ನ ಸರಿಯಾಗಿ ನೋಡೋಕೆ ಕಲಿತವನಿಗೆ ಈ ಆಟ ಎಲ್ಲಿ ನಡೆದರೂ ಗುರುತು ಸಿಗುತ್ತೆ.

ನೋಡೋದು ಬಿಡಿ, ಬೊಂಬೆ ಕೊಳ್ಳಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ನಾನೂ ಬಿಟ್ಟಿಲ್ಲ, ಬಿಡೋದೂ ಇಲ್ಲ. ಅಂಡರ್‌ಟೇಕರ್‌ನ ಗಂಟೆ ಸದ್ದು ಕೇಳಿದರೆ ಈಗಲೂ ರೋಮ ನಿಲ್ಲುತ್ತೆ. ನಾನು ಹೇಳೋದು ಇಷ್ಟೇ. ದುಡ್ಡು ಕೊಡುವಾಗ ಮನುಷ್ಯನ ಹತ್ತಿರದ ದಾರಿ ಹುಡುಕಿ. ಎಷ್ಟೋ ಹಳಬರು ತಾವೇ ಸಹಿ ಹಾಕಿದ ಫೋಟೋ, ಟೀಶರ್ಟು, ತಾವೇ ಬರೆಸಿದ ಪುಸ್ತಕ ಮಾರ್ತಾರೆ, ಅದನ್ನ ಕೊಳ್ಳಿ. ಹಳೇ ಬೊಂಬೆಯನ್ನ ಷೇರು ಮಾರ್ಕೆಟ್ ಮಾಡಬೇಡಿ. ಆಟಕ್ಕೆ ಹುಟ್ಟಿದ್ದನ್ನ ಆಟಕ್ಕೆ ಬಿಡಿ. ಬಣ್ಣ ಹೋದ, ಕೈ ಸಡಿಲಾದ ಬೊಂಬೆಯೇ ಆ ಮನುಷ್ಯರ ನಿಜವಾದ ಪ್ರತಿಮೆ, ಅವರ ಮಂಡಿಯೂ ಹಾಗೇ ಇರುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಘದ ಮಾತು ಯಾರಾದರೂ ಎತ್ತಿದಾಗ ಅಭಿಮಾನಿಗಳ ದನಿ ಧಣಿಯ ಕಡೆ ಇರಬಾರದು. ಹೋಗನ್ ಕೆಲಸ ಮಾಡೋಕೆ ಹೋಗನ್ ಒಬ್ಬನೇ ಸಾಕಾಗಿತ್ತು.

ಈ ಇಡೀ ಸಂತೆಯಲ್ಲಿ ಬೊಂಬೆ ಅಂದ್ರೆ ಏನು ಅಂತ ಸರಿಯಾಗಿ ಅರ್ಥ ಮಾಡಿಕೊಂಡವರು ಓವೆನ್ ಹಾರ್ಟ್‌ನ ಹೆಂಡತಿ ಮಾರ್ಥಾ. ಕಂಪನಿ ಮೇಲೆ ಕೇಸು ಹಾಕಿದರು. 2000ದಲ್ಲಿ 1.8 ಕೋಟಿ ಡಾಲರಿಗೆ ರಾಜಿಯಾಯ್ತು. ಆ ದುಡ್ಡಿನ ಒಂದು ಪಾಲಿನಿಂದ ಗಂಡನ ಹೆಸರಿನ ಫೌಂಡೇಷನ್ ಮಾಡಿ ಮಕ್ಕಳ ಓದಿಗೆ, ಕಷ್ಟದಲ್ಲಿದ್ದವರಿಗೆ ನೆರವಾಗ್ತಾ ಬಂದರು. "ಹಾಲ್ ಆಫ್ ಫೇಮ್‌ಗೆ ಸೇರಿಸ್ತೀವಿ" ಅಂತ ಅಭಿಮಾನಿಗಳೂ ಕಂಪನಿಯೂ ಎಷ್ಟು ಗೋಗರೆದರೂ ಒಪ್ಪಲಿಲ್ಲ. ನನ್ನ ಗಂಡನ ಹೆಸರು, ಮುಖ ಇಟ್ಕೊಂಡು ನೀವು ಇನ್ನು ದುಡ್ಡು ಮಾಡೋ ಹಾಗಿಲ್ಲ ಅನ್ನೋದು ಅವರ ನಿಲುವು. ಎಷ್ಟೋ ಅಭಿಮಾನಿಗಳು ಆಕೆಯನ್ನ ಬೈದರು, ಹಟಮಾರಿ ಅಂದರು, ನಮ್ಮ ನೆನಪನ್ನ ಕಿತ್ತುಕೊಂಡಳು ಅಂದರು. 2021ರಲ್ಲಿ ಆಕೆ ಒಪ್ಪಿದ್ದು ಎಇಡಬ್ಲ್ಯೂ ಅನ್ನೋ ಬೇರೆ ಕಂಪನಿಗೆ, ಫೌಂಡೇಷನ್ ಮೂಲಕ, ತನ್ನ ಷರತ್ತಿನ ಮೇಲೆ. ಓವೆನ್ ಹೆಸರಲ್ಲಿ ಈಗ ಅಲ್ಲೊಂದು ಟೂರ್ನಮೆಂಟು ನಡೆಯುತ್ತೆ.

ನಮ್ಮ ಸಂಗ್ರಹಕಾರರ ಶೆಲ್ಫಿನಲ್ಲಿ ಮ್ಯಾಟೆಲ್ ಬೊಂಬೆಗಳ ಸಾಲು ನೋಡಿ. ಬ್ರೆಟ್ ಹಾರ್ಟ್ ಇದ್ದಾನೆ, ಬುಲ್‌ಡಾಗ್ ಇದ್ದಾನೆ, ಹಾರ್ಟ್ ಕುಟುಂಬದ ಪಕ್ಕದಲ್ಲಿ ಒಂದು ಜಾಗ ಖಾಲಿ. ಅದನ್ನ ತುಂಬಿಸೋಕೆ ಆಗಲ್ಲವಲ್ಲ ಅಂತ ಕೆಲವರು ಕೊರಗ್ತಾರೆ. ಕೊರಗಬೇಡಿ. ಆ ಸಾಲಿನಲ್ಲಿ ಮಾಲೀಕರು ಕೇಳಿದ ಬೆಲೆಗೆ ಮಾರಾಟವಾಗದ ಜಾಗ ಅದೊಂದೇ. ಯಾವ ಗ್ರೇಡಿಂಗ್ ಕಂಪನಿಯೂ ಅದಕ್ಕೆ ಅಂಕ ಕೊಡಲಾರದು. ನನ್ನ ಶೆಲ್ಫಿನಲ್ಲೂ ಅದನ್ನ ಹಾಗೇ ಬಿಟ್ಟಿದ್ದೀನಿ.